ಹೆಗಲ ಮೇಲಿನ ನಕ್ಷತ್ರ ಬದಲಾಗುವುದು ಯಾವಾಗ? ಅರೆಸೇನಾ ಪಡೆಗಳ ನೇಮಕಾತಿ ಮತ್ತು ಬಡ್ತಿ ನಿಯಮಗಳ ಚರ್ಚೆ

ಹೇಮಾವತಿ ತೀರ | 2025 ಜೂನ್ 1

ಕೇಂದ್ರದ ಸಶಸ್ತ್ರ ಪಡೆಗಳ ಅಧಿಕಾರಿಗಳ ಬಡ್ತಿಯ ವಿಷಯದಲ್ಲಿ ಮೇ 23ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಬಗ್ಗೆ ತಿಳಿದವರು ಇಲ್ಲಿ ಇರಬಹುದು ಎಂದುಕೊಂಡು ಬರೆಯುತ್ತಿದ್ದೇನೆ.

ನನ್ನ ತಮ್ಮ 2011ರಲ್ಲಿ ಅಸಿಸ್ಟೆಂಟ್ ಕಮಾಂಡೆಂಟ್ ಆಗಿ ಕೇಂದ್ರದ ಒಂದು ಸಶಸ್ತ್ರ ಪಡೆಗೆ ಸೇರಿದ. ಯುಪಿಎಸ್‌ಸಿ ಪಟ್ಟಿಯಲ್ಲಿ ಹೆಸರು ಬಂದ ದಿನ ನಮ್ಮಪ್ಪ ಊರಿಗೆಲ್ಲ ಸಿಹಿ ಹಂಚಿದ್ದರು. ಹದಿನಾಲ್ಕು ವರ್ಷವಾಯಿತು. ಜಮ್ಮು, ಛತ್ತೀಸಗಢ, ಮಣಿಪುರ ಎಲ್ಲ ಸುತ್ತಿ ಬಂದ. ಮದುವೆಯಾಯಿತು, ಇಬ್ಬರು ಮಕ್ಕಳಾದರು. ಅವನು ಇಂದಿಗೂ ಅಸಿಸ್ಟೆಂಟ್ ಕಮಾಂಡೆಂಟ್. ಹಾಸನದಲ್ಲಿ ಅವನ ಜೊತೆ ಓದಿ ರಾಜ್ಯ ಸರ್ಕಾರದ ಕೆಲಸಕ್ಕೆ ಸೇರಿದವರು ಎರಡೆರಡು ಬಡ್ತಿ ಪಡೆದಿದ್ದಾರೆ.

ಕಳೆದ ವಾರ ಫೋನ್ ಮಾಡಿ, "ಅಕ್ಕಾ, ಕೋರ್ಟು ಹೇಳಿಯಾಯಿತು, ಇನ್ನು ನಿಯಮ ಬದಲಾಗಬೇಕು" ಎಂದ. ಯಾವ ನಿಯಮ ಎಂದು ಕೇಳುವಷ್ಟರಲ್ಲಿ ಲೈನು ಕಡಿದುಹೋಯಿತು. ಸಂಬಳ ಹೇಗೂ ಏರುತ್ತದೆ, ಬಡ್ತಿ ಇಲ್ಲದಿದ್ದರೆ ಏನಂತೆ ಎಂದು ನಮ್ಮ ಮನೆಯವರೇ ಕೇಳುತ್ತಾರೆ. ನನಗೆ ಉತ್ತರ ಕೊಡಲು ಬರುವುದಿಲ್ಲ. ದಯವಿಟ್ಟು ಯಾರಾದರೂ ಬಿಡಿಸಿ ಹೇಳಿ.

ಗೋಕಾಕದ ನಿವೃತ್ತ | ಜೂನ್ 1

ತಂಗಿ, ನಾನು ಸೆಕೆಂಡ್ ಇನ್ ಕಮಾಂಡ್ ಆಗಿ ನಿವೃತ್ತನಾದವನು. ಬೆಟಾಲಿಯನ್‌ನಲ್ಲಿ ಕಮಾಂಡೆಂಟ್ ನಂತರದ ಹುದ್ದೆ ಅದು. ನಿಮ್ಮ ತಮ್ಮನ ಕಥೆ ನನ್ನದೂ ಹೌದು, ನನ್ನ ಜೊತೆಯವರದೂ ಹೌದು.

ಮೊದಲು ಮೆಟ್ಟಿಲುಗಳನ್ನು ತಿಳಿದುಕೊಳ್ಳಿ. ಅಸಿಸ್ಟೆಂಟ್ ಕಮಾಂಡೆಂಟ್ ಒಂದು ಕಂಪನಿಯನ್ನು, ಅಂದರೆ ನೂರಕ್ಕೂ ಹೆಚ್ಚು ಜವಾನರನ್ನು ನಡೆಸುತ್ತಾನೆ. ಅಲ್ಲಿಂದ ಡೆಪ್ಯುಟಿ ಕಮಾಂಡೆಂಟ್, ಸೆಕೆಂಡ್ ಇನ್ ಕಮಾಂಡ್, ಕಮಾಂಡೆಂಟ್. ಅದರಾಚೆ ಡಿಐಜಿ, ಐಜಿ, ಎಡಿಜಿ, ಕೊನೆಗೆ ಮಹಾನಿರ್ದೇಶಕ. ಒಂದು ಬೆಟಾಲಿಯನ್‌ಗೆ ಕಮಾಂಡೆಂಟ್ ಒಬ್ಬನೇ. ಹೊಸ ಬೆಟಾಲಿಯನ್‌ಗಳನ್ನು ಕಟ್ಟಿದಾಗೆಲ್ಲ ದೊಡ್ಡ ದೊಡ್ಡ ತಂಡಗಳಲ್ಲಿ ಅಸಿಸ್ಟೆಂಟ್ ಕಮಾಂಡೆಂಟರನ್ನು ತೆಗೆದುಕೊಂಡರು. ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಜ್ಯೇಷ್ಠತೆ. ಮೇಲೆ ಹುದ್ದೆ ಖಾಲಿಯಾಗದೆ ಕೆಳಗಿನವರು ಏರುವಂತಿಲ್ಲ.

ಮೇಲಿನ ಹುದ್ದೆಗಳ ಒಂದು ಪಾಲು ಐಪಿಎಸ್ ಅಧಿಕಾರಿಗಳಿಗೆ ಮೀಸಲು. ಅವರು ರಾಜ್ಯಗಳಿಂದ ನಿಯೋಜನೆಯ ಮೇಲೆ, ಅಂದರೆ ಕೆಲವು ವರ್ಷಗಳ ಮಟ್ಟಿಗೆ, ಬರುತ್ತಾರೆ. ಸಿಆರ್‌ಪಿಎಫ್, ಬಿಎಸ್‌ಎಫ್‌ಗಳಲ್ಲಿ ಡಿಐಜಿ ಹುದ್ದೆಗಳಲ್ಲಿ ಶೇ 20, ಐಜಿ ಹುದ್ದೆಗಳಲ್ಲಿ ಶೇ 50. ಮಹಾನಿರ್ದೇಶಕರು ಐಪಿಎಸ್‌ನವರೇ. ಐಜಿ ಹುದ್ದೆಗಳು ಹೇಗೂ ಬೆರಳೆಣಿಕೆಯಷ್ಟು. ಅದರಲ್ಲಿ ಅರ್ಧ ಹೊರಗಿನವರಿಗೆ ಹೋದರೆ ಆ ತಡೆ ಕೆಳಗಿನವರೆಗೂ ಇಳಿಯುತ್ತದೆ. ಐಜಿಯಾಗದ ಡಿಐಜಿ ತನ್ನ ಜಾಗ ಬಿಡುವುದಿಲ್ಲ, ಡಿಐಜಿಯಾಗದ ಕಮಾಂಡೆಂಟ್ ತನ್ನ ಜಾಗ ಬಿಡುವುದಿಲ್ಲ. ಹೀಗೆ ಇಳಿಯುತ್ತಾ ಇಳಿಯುತ್ತಾ ನಿಮ್ಮ ತಮ್ಮನ ತನಕ ಬಂದು ನಿಲ್ಲುತ್ತದೆ. ತೂಬು ಕಟ್ಟಿಕೊಂಡರೆ ಕಾಲುವೆಯ ಕೊನೆಯ ಹೊಲ ಒಣಗುವ ಹಾಗೆ.

ಸಂಬಳದ ಪ್ರಶ್ನೆಗೆ ಬರುತ್ತೇನೆ. 2009ರ ಏಪ್ರಿಲ್ 24ರಂದು ಕೇಂದ್ರದ ಸಿಬ್ಬಂದಿ ಇಲಾಖೆ ಒಂದು ಆದೇಶ ಹೊರಡಿಸಿತು. ಸಂಘಟಿತ ಗ್ರೂಪ್ 'ಎ' ಸೇವೆಗಳ, ಅಂದರೆ ತಮ್ಮದೇ ಬಡ್ತಿಯ ಏಣಿ ಇರುವ ಕೇಂದ್ರದ ಉನ್ನತ ಸೇವೆಗಳ, ಅಧಿಕಾರಿಗಳಿಗೆ ಹುದ್ದೆ ಸಿಗದಿದ್ದರೂ, ತಮಗಿಂತ ಎರಡು ವರ್ಷ ಕಿರಿಯ ಐಎಎಸ್ ತಂಡ ತಲುಪಿದ ವೇತನಶ್ರೇಣಿ ಸಿಗಬೇಕು ಎಂದು. ನಮ್ಮ ಪಡೆಗಳು ಆ ಸಾಲಿನಲ್ಲಿ ಇಲ್ಲ ಎಂದು ವರ್ಷಗಟ್ಟಲೆ ಹೇಳಿದರು. 2015ರ ಸೆಪ್ಟೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಇವೆ ಎಂದಿತು. 2019ರ ಫೆಬ್ರವರಿ 5ರಂದು ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅದಾಗಿ ಒಂಬತ್ತನೆಯ ದಿನ ಕಾಶ್ಮೀರದ ಪುಲ್ವಾಮಾ ದಾಳಿ. ನಲವತ್ತು ಜನ ಸಿಆರ್‌ಪಿಎಫ್‌ನವರು ಹೋದರು, ನಮ್ಮ ಮದ್ದೂರು ತಾಲ್ಲೂಕಿನ ಗುಡಿಗೆರೆಯ ಹುಡುಗನೂ ಸೇರಿ. ತೀರ್ಪಿನ ಸಂತೋಷವನ್ನು ಹಂಚಿಕೊಳ್ಳಲು ನಮಗೆ ಬಾಯಿ ಬರಲಿಲ್ಲ.

ಹಾಗಾಗಿ ಸಂಬಳದ ದಾರಿ ತೆರೆದಿದೆ, ನಿಜ. ಆದರೆ ಹದಿನೈದು ವರ್ಷ ಕಾಡಿನಲ್ಲಿ ಕಂಪನಿ ನಡೆಸಿದವನ ಅನುಭವ, ಕಾರ್ಯಾಚರಣೆಯ ಯೋಜನೆ ಬರೆಯುವ ಮೇಜಿನ ತನಕ ತಲುಪಬೇಕಲ್ಲ? ಅದಕ್ಕೆ ಹುದ್ದೆಯೇ ಬೇಕು. ವಯಸ್ಸಿನ ಮಾತೂ ಇದೆ. ಕಂಪನಿ ಕಮಾಂಡರ್ ಜವಾನರ ಮುಂದೆ ನಡೆಯಬೇಕಾದವನು. ಇಪ್ಪತ್ತಾರರಲ್ಲಿ ಹತ್ತಿದ ಗುಡ್ಡವನ್ನು ನಲವತ್ತರಲ್ಲಿಯೂ ಅದೇ ವೇಗದಲ್ಲಿ ಹತ್ತು ಎಂದರೆ ಮೊಣಕಾಲು ಕೇಳುವುದಿಲ್ಲ. ಮನೆಯವರಿಗೆ ಇದನ್ನು ಹೇಳಿ.

ಕಪ್ಪುಕೋಟು, ಧಾರವಾಡ | ಜೂನ್ 2

ಗೋಕಾಕದ ಸರ್ ಹೇಳಿದ್ದಕ್ಕೆ ಕಾನೂನಿನ ಕಡೆಯಿಂದ ಸೇರಿಸುತ್ತೇನೆ. ಸೇವಾ ವಿಷಯದ ಪ್ರಕರಣಗಳನ್ನು ನಡೆಸುವುದು ನನ್ನ ವೃತ್ತಿ.

ಪ್ರತಿ ಪಡೆಗೂ ಒಂದೊಂದು ಕಾಯ್ದೆ ಇದೆ. ಸಿಆರ್‌ಪಿಎಫ್‌ಗೆ 1949ರದು, ಬಿಎಸ್‌ಎಫ್‌ಗೂ ಸಿಐಎಸ್‌ಎಫ್‌ಗೂ 1968ರವು, ಟಿಬೆಟ್ ಗಡಿ ಕಾಯುವ ಐಟಿಬಿಪಿಗೆ 1992ರದು, ನೇಪಾಳ ಮತ್ತು ಭೂತಾನ್ ಗಡಿ ಕಾಯುವ ಎಸ್‌ಎಸ್‌ಬಿಗೆ 2007ರದು. ಇವನ್ನು ಕೈಗೆತ್ತಿಕೊಂಡು ಬಡ್ತಿಯ ಬಗ್ಗೆ ಏನಿದೆ ಎಂದು ಹುಡುಕಿ ನೋಡಿ. ಅಪರಾಧಗಳ ಪಟ್ಟಿ ಸಿಗುತ್ತದೆ, ಶಿಕ್ಷೆ ಸಿಗುತ್ತದೆ, ಕಾವಲಿನಲ್ಲಿ ನಿದ್ದೆ ಹೋದವನಿಗೆ ಏನು ಮಾಡಬೇಕು ಎಂಬುದೂ ಸಿಗುತ್ತದೆ. ಯಾವ ಹುದ್ದೆಯಿಂದ ಯಾವ ಹುದ್ದೆಗೆ ಎಷ್ಟು ವರ್ಷಕ್ಕೆ ಏರಬಹುದು, ಮೇಲಿನ ಹುದ್ದೆಯಲ್ಲಿ ಯಾವ ಸೇವೆಯವರಿಗೆ ಎಷ್ಟು ಪಾಲು ಎಂಬುದು ಸಿಗುವುದಿಲ್ಲ. ಬಿಎಸ್‌ಎಫ್ ಕಾಯ್ದೆಯ 5ನೇ ಕಲಂ, ಪಡೆಯ ಅಧಿಪತ್ಯ ಕೇಂದ್ರ ಸರ್ಕಾರ ನೇಮಿಸುವ ಮಹಾನಿರ್ದೇಶಕನದು ಎನ್ನುತ್ತದೆ. ಆತ ಐಪಿಎಸ್ ಆಗಿರಬೇಕೆಂದು ಆ ಕಲಂನಲ್ಲಿ ಒಂದು ಪದವೂ ಇಲ್ಲ.

ಹಾಗಾದರೆ ಅದೆಲ್ಲ ಎಲ್ಲಿದೆ? ನೇಮಕಾತಿ ನಿಯಮಗಳಲ್ಲಿ. ನಮ್ಮ ರಾಜ್ಯದಲ್ಲಿ ವೃಂದ ಮತ್ತು ನೇಮಕಾತಿ ನಿಯಮಗಳು ಎನ್ನುತ್ತೇವಲ್ಲ, ಅದೇ ಬಗೆಯವು. ಗೃಹ ಸಚಿವಾಲಯ ರೂಪಿಸುತ್ತದೆ, ರಾಜಪತ್ರದಲ್ಲಿ ಬರುತ್ತದೆ. ತಮ್ಮ ಹೇಳಿದ 'ನಿಯಮ' ಇದು.

ಮೇ 23ರ ತೀರ್ಪಿನ ತಿರುಳು ಇಷ್ಟು. 2019ರ ನಂತರ ಸರ್ಕಾರ ವೇತನದ ಸೌಲಭ್ಯವನ್ನು ಒಪ್ಪಿತ್ತು, ಆದರೆ ಸಂಘಟಿತ ಸೇವೆ ಎಂಬ ಸ್ಥಾನಮಾನ ಆ ಸೌಲಭ್ಯಕ್ಕಷ್ಟೇ ಎಂದು ವಾದಿಸಿತ್ತು. ಸ್ಥಾನಮಾನ ಕೊಟ್ಟ ಮೇಲೆ ಅದು ಎಲ್ಲ ಉದ್ದೇಶಗಳಿಗೂ ಅನ್ವಯಿಸುತ್ತದೆ, ಒಂದನ್ನು ಕೊಟ್ಟು ಇನ್ನೊಂದನ್ನು ತಡೆಯುವಂತಿಲ್ಲ ಎಂದು ಕೋರ್ಟ್ ಹೇಳಿದೆ. ಇದು ಏಕೆ ದೊಡ್ಡ ಮಾತು ಎಂದರೆ, ಸಂಘಟಿತ ಸೇವೆಯ ಲಕ್ಷಣಗಳಲ್ಲಿ ಒಂದು ಹೀಗಿದೆ: ಕಿರಿಯ ಶ್ರೇಣಿಯಿಂದ ಮೇಲೆ, ಹಿರಿಯ ಆಡಳಿತ ಶ್ರೇಣಿಯವರೆಗೆ, ಹುದ್ದೆಗಳು ಅದೇ ಸೇವೆಯ ಕೆಳಗಿನವರ ಬಡ್ತಿಯಿಂದಲೇ ತುಂಬಬೇಕು. ಹಿರಿಯ ಆಡಳಿತ ಶ್ರೇಣಿ ಎಂದರೆ ಪಡೆಗಳಲ್ಲಿ ಐಜಿ. ಐಜಿ ಹುದ್ದೆಗಳ ಅರ್ಧ ಪಾಲು ಇನ್ನೊಂದು ಸೇವೆಗೆ ಮೀಸಲಾಗಿರುವುದು ಈ ಲಕ್ಷಣದೊಂದಿಗೆ ಹೊಂದುವುದಿಲ್ಲ.

ಹೀಗಾಗಿ ಮೂರು ಗಡುವುಗಳು. 2021ರಲ್ಲೇ ಆಗಬೇಕಿದ್ದ ವೃಂದ ಪುನರ್‌ಪರಿಶೀಲನೆ (ಯಾವ ಮಟ್ಟದಲ್ಲಿ ಎಷ್ಟು ಹುದ್ದೆ ಇರಬೇಕು ಎಂಬುದರ ಮರುಲೆಕ್ಕ) ಮತ್ತು ನೇಮಕಾತಿ ನಿಯಮಗಳ ಪರಿಶೀಲನೆ ಆರು ತಿಂಗಳೊಳಗೆ ಮುಗಿಯಬೇಕು. ಗೃಹ ಸಚಿವಾಲಯದ ವರದಿ ಬಂದ ಮೂರು ತಿಂಗಳೊಳಗೆ ಸಿಬ್ಬಂದಿ ಇಲಾಖೆ ತೀರ್ಮಾನಿಸಬೇಕು. ಐಜಿ ಮಟ್ಟದವರೆಗಿನ ನಿಯೋಜನೆ ಹುದ್ದೆಗಳನ್ನು ಹಂತಹಂತವಾಗಿ, ಹೆಚ್ಚೆಂದರೆ ಎರಡು ವರ್ಷದೊಳಗೆ ಕಡಿಮೆ ಮಾಡಬೇಕು. ಕಡಿಮೆ ಮಾಡಬೇಕು ಎಂದಿದೆ, ತೆಗೆದುಹಾಕಬೇಕು ಎಂದಿಲ್ಲ. ಎಷ್ಟಕ್ಕೆ ಇಳಿಸಬೇಕು ಎಂಬ ಅಂಕಿಯೂ ಇಲ್ಲ. ಮುಂದಿನ ಜಗಳ ಅಲ್ಲೇ ಹುಟ್ಟುತ್ತದೆ ಎಂಬುದು ನನ್ನ ಅಂದಾಜು.

ತೀರ್ಪು ಕೊಟ್ಟ ಪೀಠದಲ್ಲಿದ್ದವರು ನ್ಯಾಯಮೂರ್ತಿ ಅಭಯ್ ಎಸ್. ಓಕಾ ಮತ್ತು ನ್ಯಾಯಮೂರ್ತಿ ಉಜ್ಜಲ್ ಭುಯಾನ್. ಓಕಾ ಅವರು ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾಗಿದ್ದವರು. ಸುಪ್ರೀಂ ಕೋರ್ಟಿನಲ್ಲಿ ಅವರ ಕೊನೆಯ ಕೆಲಸದ ದಿನವೇ ಈ ತೀರ್ಪು ಬಂತು.

ತುಂಗೆಯ ದಡ | ಜೂನ್ 2

ಈ ಮಾತಿಗೆ ಇನ್ನೊಂದು ಬದಿ ಇದೆ. ನಾನು ರಾಜ್ಯ ಪೊಲೀಸ್ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದವನು, ಐಪಿಎಸ್ ಅಲ್ಲ.

ಕಾನೂನು ಸುವ್ಯವಸ್ಥೆ ಸಂವಿಧಾನದ ರಾಜ್ಯಪಟ್ಟಿಯ ವಿಷಯ. ಚುನಾವಣೆ ಬಂದಾಗ, ಗಲಭೆಯಾದಾಗ ಕೇಂದ್ರದ ಪಡೆ ನಮ್ಮ ಜಿಲ್ಲೆಗೆ ಬರುತ್ತದೆ. ಯಾವ ಓಣಿಯಲ್ಲಿ ಯಾವ ಸಮಯಕ್ಕೆ ನಿಲ್ಲಬೇಕು ಎಂಬುದನ್ನು ಜಿಲ್ಲೆಯ ಎಸ್‌ಪಿ ಹೇಳಬೇಕು. ಮೇಲೆ ಕುಳಿತವರು ಒಮ್ಮೆಯಾದರೂ ಜಿಲ್ಲೆ ನಡೆಸಿದವರಾಗಿದ್ದರೆ ಈ ಹೊಂದಾಣಿಕೆ ಸಲೀಸು. ಒಬ್ಬ ಐಜಿ ಇನ್ನೊಂದು ರಾಜ್ಯದ ಡಿಜಿಪಿಗೆ ನೇರವಾಗಿ ಫೋನ್ ಮಾಡಿ ಐದು ನಿಮಿಷದಲ್ಲಿ ಕೆಲಸ ಮುಗಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಐಪಿಎಸ್ ಎಂಬುದು ಅಖಿಲ ಭಾರತ ಸೇವೆ. ಕೇಂದ್ರ ಮತ್ತು ರಾಜ್ಯದ ನಡುವೆ ಓಡಾಡುವುದಕ್ಕೆಂದೇ ಅದನ್ನು ಕಟ್ಟಿದ್ದು. ಸರ್ಕಾರ ನ್ಯಾಯಾಲಯದಲ್ಲಿ ಇದನ್ನೇ ಹೇಳಿತು.

ಇನ್ನೊಂದು ಮಾತು. 1965ರ ಡಿಸೆಂಬರ್ 1ರಂದು ಬಿಎಸ್‌ಎಫ್ ಹುಟ್ಟಿದಾಗ ಅದನ್ನು ಮೊದಲ ಮಹಾನಿರ್ದೇಶಕರಾಗಿ ಕಟ್ಟಿ ನಿಲ್ಲಿಸಿದವರು ಕೆ.ಎಫ್. ರುಸ್ತುಮ್‌ಜೀ, ಪೊಲೀಸ್ ಅಧಿಕಾರಿ. ಹೊರಗಿನವರು ಎಂದು ಇವತ್ತು ಬೆರಳು ತೋರಿಸುವ ಸೇವೆಯಿಂದಲೇ ಆ ಪಡೆ ಎದ್ದು ನಿಂತಿದ್ದು. ಋಣ ಮರೆಯಬಾರದು.

ಗೋಕಾಕದ ನಿವೃತ್ತ | ಜೂನ್ 3

ತುಂಗೆಯ ಸರ್, ರುಸ್ತುಮ್‌ಜೀ ಅವರ ಋಣವನ್ನು ಯಾವ ಬಿಎಸ್‌ಎಫ್‌ನವನೂ ಮರೆತಿಲ್ಲ. ಟೇಕನ್‌ಪುರದ ಅಕಾಡೆಮಿಯಲ್ಲಿ ಅವರ ಹೆಸರನ್ನು ಯಾವ ಗೌರವದಿಂದ ಹೇಳುತ್ತಾರೆ ಎಂಬುದನ್ನು ಬಲ್ಲೆ.

ಆದರೆ ಆ ದಿನಗಳ ಸ್ಥಿತಿಯನ್ನು ನೆನೆಯಿರಿ. ರಾಜ್ಯಗಳ ಸಶಸ್ತ್ರ ಪೊಲೀಸ್ ಬೆಟಾಲಿಯನ್‌ಗಳನ್ನು ಒಟ್ಟುಗೂಡಿಸಿ ಪಡೆ ಕಟ್ಟಿದರು. ಸೇನೆಯ ತುರ್ತು ಸೇವೆಯಿಂದ ಬಿಡುಗಡೆಯಾದ ಅಧಿಕಾರಿಗಳನ್ನು ತೆಗೆದುಕೊಂಡರು. ಸ್ವಂತದ ಅಧಿಕಾರಿಗಳು ಇನ್ನೂ ಬೆಳೆಯಬೇಕಿತ್ತು. ಆಗ ಮೇಲೆ ಹೊರಗಿನವರು ಬೇಕಿತ್ತು, ಬಂದರು, ಒಳ್ಳೆಯದೇ ಆಯಿತು. ಅರವತ್ತು ವರ್ಷ ಕಳೆದಿದೆ. ಗಡಿಯಲ್ಲೇ ಮೂವತ್ತು ಮೂವತ್ತೈದು ವರ್ಷ ಕಳೆದವರು ಪಡೆಯೊಳಗೇ ಇದ್ದಾರೆ. ನಡೆಯಲು ಕಲಿತ ಮಗುವನ್ನು ಇನ್ನೂ ಸೊಂಟದ ಮೇಲೆ ಹೊತ್ತುಕೊಂಡಿರಬೇಕೆ?

ಹೊಂದಾಣಿಕೆಯ ಮಾತನ್ನು ಒಪ್ಪುತ್ತೇನೆ, ಅರ್ಧ. ಚುನಾವಣೆ ಬಂದೋಬಸ್ತಿನಲ್ಲಿ ಎಸ್‌ಪಿ ಜೊತೆ ಕೂತು ನಕ್ಷೆ ನೋಡುವವನು ಕಂಪನಿ ಕಮಾಂಡರ್. ಅವನು ನಮ್ಮವನೇ. ಆ ಹೊಂದಾಣಿಕೆ ದಿನವೂ ನಡೆಯುತ್ತಿದೆ, ನಿಯೋಜನೆ ಇಲ್ಲದೆಯೇ. ಮತ್ತೆ ಬಾಂಗ್ಲಾ ಗಡಿಯ ನದಿಪಾತ್ರದಲ್ಲಿ, ಲಡಾಖಿನ ಹಿಮದಲ್ಲಿ ಜಿಲ್ಲೆ ನಡೆಸಿದ ಅನುಭವಕ್ಕೆ ಏನು ಕೆಲಸ? ಎರಡು ಮೂರು ವರ್ಷಕ್ಕೆ ಬಂದು ಭೂಮಿಯ ಪರಿಚಯವಾಗುವಷ್ಟರಲ್ಲಿ ಹಿಂದಿರುಗುವವರಿಂದ ಪಡೆಗೆ ಏನು ಲಾಭ ಎಂದು ನಾವು ಕೇಳುತ್ತಿದ್ದೇವೆ. ವ್ಯಕ್ತಿಗಳ ಮೇಲೆ ದ್ವೇಷವಿಲ್ಲ. ನನ್ನ ಅತ್ಯುತ್ತಮ ಐಜಿ ಐಪಿಎಸ್‌ನವರೇ ಆಗಿದ್ದರು.

ಜೋಳದ ನಾಡು | ಜೂನ್ 3

ನಮಸ್ಕಾರ. ನಾನು ಕಲಬುರಗಿಯವಳು, ಪದವಿ ಮುಗಿಸಿದ್ದೇನೆ, ಅಸಿಸ್ಟೆಂಟ್ ಕಮಾಂಡೆಂಟ್ ಪರೀಕ್ಷೆಗೆ ಓದುತ್ತಿದ್ದೇನೆ. ನಿಮ್ಮ ಮಾತು ಓದಿ ಭಯವಾಯಿತು ಎಂದು ಹೇಳುವುದಿಲ್ಲ. ಆದರೆ ಒಂದು ಪ್ರಶ್ನೆ ಬಹಳ ದಿನದಿಂದ ಕೊರೆಯುತ್ತಿದೆ.

ಕಾನ್‌ಸ್ಟೆಬಲ್ ನೇಮಕಾತಿ ಪರೀಕ್ಷೆಯನ್ನು 2024ರಿಂದ ಕನ್ನಡದಲ್ಲೂ ಬರೆಯಬಹುದು. ಹಿಂದಿ, ಇಂಗ್ಲಿಷ್ ಜೊತೆಗೆ ಹದಿಮೂರು ಭಾಷೆಗಳಲ್ಲಿ ಪ್ರಶ್ನೆಪತ್ರಿಕೆ ಬರುತ್ತದೆ. ನನ್ನ ಚಿಕ್ಕಪ್ಪನ ಮಗ ಹಾಗೆಯೇ ಬರೆದ. ಅಧಿಕಾರಿಗಳ ಪರೀಕ್ಷೆಗೆ ಆ ಅವಕಾಶವಿಲ್ಲ. ಮೊದಲ ಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ, 250 ಅಂಕ. ಎರಡನೆಯದು 200 ಅಂಕ, ಪ್ರಬಂಧವನ್ನು ಆ ಎರಡು ಭಾಷೆಗಳಲ್ಲಿ ಒಂದರಲ್ಲಿ ಬರೆಯಬೇಕು, ಉಳಿದ ಭಾಗ ಇಂಗ್ಲಿಷ್. ಅದೇ ಯುಪಿಎಸ್‌ಸಿ ನಾಗರಿಕ ಸೇವಾ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಬಿಡುತ್ತದೆ. ಅಂದರೆ ಕನ್ನಡದಲ್ಲಿ ಮುಖ್ಯ ಪರೀಕ್ಷೆ ಬರೆದು ಐಪಿಎಸ್ ಆದವರು ನಾಳೆ ನಿಯೋಜನೆಯ ಮೇಲೆ ಬಂದು ಈ ಪಡೆಯ ಐಜಿ ಆಗಬಹುದು. ಕಂಪನಿ ನಡೆಸುವ ಹುದ್ದೆಗೆ ಮಾತ್ರ ಕನ್ನಡದಲ್ಲಿ ಪ್ರಬಂಧ ಬರೆದು ಬರುವಂತಿಲ್ಲ. ಇದನ್ನು ಯಾರೂ ಏಕೆ ಕೇಳುತ್ತಿಲ್ಲ?

ಓಟ, ಉದ್ದಜಿಗಿತದ ಬಗ್ಗೆ ನನಗೆ ಚಿಂತೆಯಿಲ್ಲ. ಹೆಣ್ಣುಮಕ್ಕಳಿಗೆ ನೂರು ಮೀಟರ್ 18 ಸೆಕೆಂಡು, ಎಂಟುನೂರು ಮೀಟರ್ 4 ನಿಮಿಷ 45 ಸೆಕೆಂಡು. ದಿನವೂ ಬೆಳಗ್ಗೆ ಮೈದಾನದಲ್ಲಿ ಅದಕ್ಕಿಂತ ಮುಂದಿದ್ದೇನೆ. ಪ್ರಬಂಧದ ಹಾಳೆ ಕೈಗೆ ಬಂದಾಗ ಕೈ ತಡೆಯುತ್ತದೆ.

ಹಳೆಯ ಹವಾಲ್ದಾರ | ಜೂನ್ 4

ಎಲ್ಲರಿಗೂ ಬಾಗಲಕೋಟೆಯಿಂದ ನಮಸ್ಕಾರ. ಸಾಹೇಬರುಗಳ ಬಡ್ತಿಯ ಮಾತು ಓದಿದೆ, ನ್ಯಾಯವಾದದ್ದೇ. ಸಿಪಾಯಿಯ ಮಾತು ಯಾರು ಆಡುತ್ತಾರೆ?

ನಾನು ಕಾನ್‌ಸ್ಟೆಬಲ್ ಆಗಿ ಸೇರಿ ಹತ್ತೊಂಬತ್ತನೆಯ ವರ್ಷಕ್ಕೆ ಹವಾಲ್ದಾರನಾದೆ. ಹತ್ತು, ಇಪ್ಪತ್ತು, ಮೂವತ್ತು ವರ್ಷಕ್ಕೆ ಒಮ್ಮೊಮ್ಮೆ ವೇತನ ಮೇಲಕ್ಕೆ ಹೋಗುತ್ತದೆ, ಅದು ಎಲ್ಲ ಕೇಂದ್ರ ನೌಕರರಿಗೂ ಇರುವ ಯೋಜನೆ. ಹುದ್ದೆ ಮಾತ್ರ ಹಾಗೆಯೇ ಇರುತ್ತದೆ. ಅದರ ಮೇಲೆ, ಬಡ್ತಿಗೆ ಆರೋಗ್ಯ 'ಶೇಪ್-1' ದರ್ಜೆಯಲ್ಲಿ, ಅಂದರೆ ಯಾವ ಕೊರತೆಯೂ ಇಲ್ಲದ ಮೇಲಿನ ದರ್ಜೆಯಲ್ಲಿ, ಇರಬೇಕು. ರಾತ್ರಿ ಗಸ್ತಿನಲ್ಲಿ ಹಳ್ಳದ ಬಂಡೆಯ ಮೇಲೆ ಜಾರಿ ನನ್ನ ಮಂಡಿ ಹೋಯಿತು. ದರ್ಜೆ ಇಳಿಸಿದರು. ಬಡ್ತಿಪೂರ್ವ ತರಬೇತಿಗೆ ಹೆಸರು ಬಂದಿದ್ದ ವರ್ಷವೇ ಅದು. ನನ್ನ ಜೊತೆಗೇ ಸೇರಿದವರೊಂದಿಗೆ ನಿಲ್ಲಬೇಕಾದವನು, ಮೂರು ವರ್ಷ ಆಮೇಲೆ ಸೇರಿದ ಹುಡುಗರಿಗೆ 'ಸರ್' ಎನ್ನುತ್ತಾ ನಿಂತೆ. ಮಂಡಿ ಸರಿಯಾಗಿ ದರ್ಜೆ ಮರಳಿದ ಮೇಲೆ ಬಡ್ತಿ ಬಂತು, ಕಳೆದುಹೋದ ಜ್ಯೇಷ್ಠತೆ ಬರಲಿಲ್ಲ. ಪಡೆಯ ಹೆಸರು ಬೇಡ. ಆ ಸಮವಸ್ತ್ರವೇ ನನಗೆ ಅನ್ನ ಕೊಟ್ಟಿತು.

ಮಗಳೇ, ಕಲಬುರಗಿಯವಳೇ, ನೀನು ಪರೀಕ್ಷೆ ಬರೆ. ಜವಾನರ ಜೊತೆ ಅವರ ಭಾಷೆಯಲ್ಲಿ ಮಾತಾಡುವ ಅಧಿಕಾರಿ ಸಿಕ್ಕರೆ ಕಂಪನಿಯ ಕಳೆಯೇ ಬೇರೆ. ನನ್ನ ಸೇವೆಯಲ್ಲಿ ಕನ್ನಡ ಬಲ್ಲ ಕಂಪನಿ ಕಮಾಂಡರ್ ಒಬ್ಬರೇ ಸಿಕ್ಕಿದ್ದರು. ಆ ಹದಿನಾಲ್ಕು ತಿಂಗಳು ನನಗೆ ಇವತ್ತಿಗೂ ನೆನಪಿದೆ.

ಕಪ್ಪುಕೋಟು, ಧಾರವಾಡ | ಜೂನ್ 5

ಹವಾಲ್ದಾರ್ ಅಣ್ಣನವರ ಮಾತು ಓದಿ ನಿನ್ನೆ ರಾತ್ರಿ ಕಾಯ್ದೆಗಳನ್ನು ಮತ್ತೆ ತೆರೆದೆ. ಒಂದು ದಾರಿ ಇದೆ, ಸೇವಾ ವಿಷಯಗಳಲ್ಲಿ ಹೆಚ್ಚು ಜನ ಅದರತ್ತ ನೋಡುವುದಿಲ್ಲ.

ಸಾಮಾನ್ಯ ಕೇಂದ್ರ ನೌಕರರ ನೇಮಕಾತಿ ನಿಯಮಗಳು ಸಂವಿಧಾನದ 309ನೇ ವಿಧಿಯ ಅಡಿ ಬರುತ್ತವೆ. ಪಡೆಗಳಿಗೆ ಅವುಗಳ ಕಾಯ್ದೆಗಳೇ ನಿಯಮ ರಚಿಸುವ ಅಧಿಕಾರ ಕೊಟ್ಟಿವೆ: ಸಿಆರ್‌ಪಿಎಫ್ ಕಾಯ್ದೆಯ 18ನೇ ಕಲಂ, ಬಿಎಸ್‌ಎಫ್ ಕಾಯ್ದೆಯ 141ನೇ ಕಲಂ. ಆ 141ರ ಪ್ರಕಾರ, ಅದರ ಅಡಿ ರಚಿಸಿದ ಪ್ರತಿಯೊಂದು ನಿಯಮವನ್ನೂ ಸಂಸತ್ತಿನ ಎರಡೂ ಸದನಗಳ ಮುಂದೆ ಒಟ್ಟು 30 ದಿನ ಇಡಬೇಕು. ಮಾರ್ಪಾಡು ಬೇಕು ಎಂದು, ಅಥವಾ ನಿಯಮವೇ ಬೇಡ ಎಂದು ಎರಡೂ ಸದನಗಳು ಒಪ್ಪಿದರೆ ಅದು ಹಾಗೆಯೇ ಆಗುತ್ತದೆ. ಯಾವ ಸಂಸದರೂ ಆ ಅವಧಿಯಲ್ಲಿ ಸೂಚನೆ ಕೊಡಬಹುದು.

ಪಡೆಯಲ್ಲಿರುವವರು ಇದನ್ನು ಕೇಳುವಂತಿಲ್ಲ ಎಂಬುದನ್ನು ಗಮನಿಸಿ. 33ನೇ ವಿಧಿ ಸಶಸ್ತ್ರ ಪಡೆಗಳವರ ಮೂಲಭೂತ ಹಕ್ಕುಗಳನ್ನು ಮಿತಗೊಳಿಸಲು ಸಂಸತ್ತಿಗೆ ಅವಕಾಶ ಕೊಟ್ಟಿದೆ. ಅವರು ಸಂಘ ಕಟ್ಟುವಂತಿಲ್ಲ, ಪತ್ರಿಕೆಗೆ ಬರೆಯುವಂತಿಲ್ಲ, ಧರಣಿ ಕೂರುವಂತಿಲ್ಲ. ಶಿಸ್ತಿಗೆ ಅದು ಬೇಕು, ನಾನು ವಿರೋಧಿಸುವುದಿಲ್ಲ. ಆದರೆ ಬಾಯಿ ಕಟ್ಟಿಸಿಕೊಂಡವರ ಸೇವಾ ನಿಯಮವನ್ನು ಯಾರಾದರೂ ಓದಬೇಕಲ್ಲ? ಮನೆಯವರು ಓದಬಹುದು. ಮತದಾರರಾಗಿ ನಿಮ್ಮ ಸಂಸದರಿಗೆ ಪತ್ರ ಬರೆಯಲು ನಿಮಗೆ ಯಾವ ತಡೆಯೂ ಇಲ್ಲ. ಹೊಸ ನಿಯಮ ರಾಜಪತ್ರದಲ್ಲಿ ಬಂದ ದಿನ ನಾಲ್ಕು ಪ್ರಶ್ನೆ ಸಿದ್ಧವಾಗಿದ್ದರೆ ಸಾಕು.

ತುಂಗೆಯ ದಡ | ಜೂನ್ 5

ಇದು ಸರಿಯಾದ ದಾರಿ. ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. ಎಡಿಜಿ ಮತ್ತು ಮಹಾನಿರ್ದೇಶಕರ ಮಟ್ಟದಲ್ಲಿ ರಾಜ್ಯಗಳನ್ನು ಬಲ್ಲವರು ಇರಬೇಕು ಎಂದೇ ಈಗಲೂ ಹೇಳುತ್ತೇನೆ. ಡಿಐಜಿ ಮಟ್ಟದ ನಿಯೋಜನೆಯನ್ನು ಸಮರ್ಥಿಸಲು ಮಾತ್ರ ನನ್ನ ಬಳಿ ಕಾರಣ ಉಳಿದಿಲ್ಲ. ಗೋಕಾಕದ ಸರ್, ಕಂಪನಿ ಕಮಾಂಡರ್ ಮತ್ತು ಎಸ್‌ಪಿ ನಕ್ಷೆಯ ಮುಂದೆ ಕೂರುವ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಅಂತಹ ಎಷ್ಟೋ ರಾತ್ರಿ ನಾನೂ ಆ ಮೇಜಿನ ಬಳಿ ಇದ್ದೆ.

ಪತ್ರ ಬರೆಯುವುದಾದರೆ ಶಿವಮೊಗ್ಗದಿಂದ ಒಂದು ನಾನು ಕಳುಹಿಸುತ್ತೇನೆ.

ಹೇಮಾವತಿ ತೀರ | ಜೂನ್ 8

ಎಲ್ಲರಿಗೂ ಕೈಮುಗಿದು ವಂದನೆ. ನಿನ್ನೆ ತಮ್ಮನ ಫೋನ್ ಬಂದಿತ್ತು. ಅಮರನಾಥ ಯಾತ್ರೆಯ ಬಂದೋಬಸ್ತಿಗೆ ಅವನ ಕಂಪನಿ ಹೊರಟಿದೆ. 141ನೇ ಕಲಂ, 30 ದಿನ ಎಂದು ನಾನು ಹೇಳುತ್ತಾ ಹೋದರೆ ಆ ಕಡೆಯಿಂದ ಸದ್ದೇ ಇಲ್ಲ. ಲೈನು ಹೋಯಿತೇನೋ ಎಂದುಕೊಂಡೆ. ಆಮೇಲೆ, "ಇಷ್ಟೆಲ್ಲ ಯಾರು ಹೇಳಿಕೊಟ್ಟರು ಅಕ್ಕಾ" ಎಂದ. ದನಿ ಕಟ್ಟಿತ್ತು.

ಪತ್ರ ಬರೆದಿದ್ದೇನೆ. ನವೆಂಬರ್ 23ಕ್ಕೆ ಆರು ತಿಂಗಳು ಮುಗಿಯುತ್ತದೆ, ಆ ಹೊತ್ತಿಗೆ ಪರಿಶೀಲನೆ ಎಲ್ಲಿಗೆ ಬಂದಿದೆ ಎಂಬುದು ಮೊದಲ ಪ್ರಶ್ನೆ. ಡಿಐಜಿ, ಐಜಿ ನಿಯೋಜನೆಯ ಪಾಲು ಎಷ್ಟಕ್ಕೆ ಇಳಿಯುತ್ತದೆ ಎಂಬುದು ಎರಡನೆಯದು. ಕನ್ನಡದಲ್ಲಿ ಪ್ರಬಂಧ ಬರೆಯುವ ಅವಕಾಶ ಮೂರನೆಯದು. ಕರ್ತವ್ಯದಲ್ಲಿ ಗಾಯಗೊಂಡು ಆರೋಗ್ಯ ದರ್ಜೆ ಇಳಿದವರ ಜ್ಯೇಷ್ಠತೆಯನ್ನು ಉಳಿಸುವ ನಿಯಮ ನಾಲ್ಕನೆಯದು. ವಕೀಲರು ಒಮ್ಮೆ ತಿದ್ದಿಕೊಡಬೇಕು.

ಹವಾಲ್ದಾರ್ ಅಣ್ಣಾ, ನಾಲ್ಕನೆಯದರ ಕೆಳಗೆ ನಿಮ್ಮ ಸಂಗತಿಯನ್ನು ಹೆಸರಿಲ್ಲದೆ ಉದಾಹರಣೆಯಾಗಿ ಬರೆದಿದ್ದೇನೆ. ನೀವು ಸೇರಿದ ವರ್ಷ ಮತ್ತು ಬಡ್ತಿ ಬಂದ ವರ್ಷ ಖಾಲಿ ಬಿಟ್ಟಿದ್ದೇನೆ, ತಿಳಿಸುತ್ತೀರಾ?

ಹಳೆಯ ಹವಾಲ್ದಾರ | ಜೂನ್ 8

1991ರಲ್ಲಿ ಸೇರಿದ್ದು ತಾಯಿ. ಬಡ್ತಿ 2010. ಪತ್ರ ಕನ್ನಡದಲ್ಲಿಯೇ ಇರಲಿ.